ವಿಜಯಮ್ಮನವರ ದೃಷ್ಟಿ ಮತ್ತು ನಮ್ಮ ಮನೆಯ ಏಸಿ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ಶ್ರೀಕಂಠಯ್ಯನವರೇ, ಹ್ಯೂಸ್ಟನ್ನಿನಿಂದ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿಗಳೇ, ಊಟದ ವಾಸನೆ ಬಂದಾಗಿನಿಂದ ನನ್ನ ಕಡೆ ನೋಡುವುದನ್ನೇ ಬಿಟ್ಟಿರುವ ಸಭಿಕರೇ,

೨೦೦೪ರ ಈ ರಾಜ್ಯೋತ್ಸವದಲ್ಲಿ ‘ನಾನು ಕಂಡ ಇಂಗ್ಲೆಂಡ್’ ಕುರಿತು ಐದು ನಿಮಿಷ ಮಾತನಾಡಲು ಈ ಮೋಹನರಾಜನಿಗೆ ಅವಕಾಶ ಕೊಟ್ಟವರು ಅಮೆರಿಕದ ನಮ್ಮ ಈ ಕನ್ನಡ ಸಂಘದ ಕಾರ್ಯದರ್ಶಿಗಳು. ಆ ಕಾರ್ಯದರ್ಶಿಯೂ ನಾನೇ. ನನಗೆ ನಾನೇ ಕೃತಜ್ಞ.

ಲಾಸ್ ಕೊಲಿನಾಸಿನ ನಮ್ಮ ಕಂಪನಿ ಈ ಬೇಸಿಗೆಯಲ್ಲಿ ನನ್ನನ್ನು ಆರು ವಾರ ಇಂಗ್ಲೆಂಡಿನ ಒಂದು ಸಣ್ಣ ಊರಿಗೆ ಕಳಿಸಿತ್ತು. ಅಲ್ಲಿ ನಾನು ಕಂಡದ್ದೇನು? ಮಾಟಗಾತಿಯರು! ಬಸ್ಸಿನ ಮೇಲೆ ಮಾಟಗಾತಿ, ಬಿಸ್ಕತ್ತಿನ ಡಬ್ಬಿಯ ಮೇಲೆ ಮಾಟಗಾತಿ, ಬೀರಿನ ಬಾಟಲಿಯ ಮೇಲೆ ಮಾಟಗಾತಿ. ಬೀರಿನದು ದೂರದಿಂದ ನೋಡಿದ್ದು. ನನ್ನ ಹೆಂಡತಿ ಗುರಾಯಿಸುತ್ತಿದ್ದಾಳೆ. ರಾಜಲಕ್ಷ್ಮಿ, ದೂರದಿಂದಲೇ ಕಣೇ. ನಾನೂರು ವರ್ಷಗಳ ಹಿಂದೆ ಆ ಊರಿನವರು ಒಬ್ಬ ಮುದುಕಿ ಮಾಟ ಮಾಡಿದಳೆಂದು ವಿಚಾರಣೆ ನಡೆಸಿ ನೇಣಿಗೆ ಹಾಕಿದರಂತೆ. ಈಗ ಅವಳ ಹೆಸರಿನಲ್ಲೇ ಮೆರವಣಿಗೆ, ಅಂಗಡಿ ತುಂಬ ಅವಳ ಬೊಂಬೆ, ಮಕ್ಕಳಿಗೆಲ್ಲ ಚೂಪು ಟೋಪಿ, ಪೊರಕೆ. ನಾನೂ ಒಂದು ಟೋಪಿ ಕೊಂಡು ಹಾಕಿಕೊಂಡೆ.

ಊರು ತೋರಿಸುತ್ತಿದ್ದ ಗೈಡ್ ಅಜ್ಜಿಯನ್ನು ಕೇಳಿದೆ: “ಆ ಮುದುಕಿ ಮಾಡಿದ ತಪ್ಪಾದರೂ ಏನು?”

“ಪಕ್ಕದ ಮನೆಯ ಹಸು ನೋಡಿ ಚೆನ್ನಾಗಿದೆ ಅಂದಳು. ಮರುದಿನ ಹಸು ಹಾಲು ಕೊಡಲಿಲ್ಲ. ಅಷ್ಟೇ.”

ಸಭಿಕರೇ, ಟೋಪಿಯೊಳಗೆ ನನ್ನ ತಲೆ ಬೆವರಿತು. ಏಕೆ? ನೀವು ಕೇಳದಿದ್ದರೂ ಹೇಳುತ್ತೇನೆ.

ಮೂರು ವರ್ಷದ ಹಿಂದೆ ಫ್ರಿಸ್ಕೋದಲ್ಲಿ ನಮ್ಮ ಗೃಹಪ್ರವೇಶ. ಸಂಘದ ಅಡುಗೆಯನ್ನೆಲ್ಲ ನೋಡಿಕೊಳ್ಳುತ್ತಿದ್ದ ವಿಜಯಮ್ಮನವರು ಬಂದು, ಮನೆಯೆಲ್ಲ ಸುತ್ತಿ, “ಅಬ್ಬಬ್ಬಾ, ಎಷ್ಟು ತಣ್ಣಗಿದ್ಯೋ ನಿನ್ ಮನೆ!” ಎಂದರು. ಮರುದಿನ, ಆಗಸ್ಟಿನ ಬಿಸಿಲಿನಲ್ಲಿ, ಏಸಿ ಕೆಟ್ಟಿತು. ದೃಷ್ಟಿ ತಾಗಿತೆಂದು ನಾನು ಒಂದು ಹಿಡಿ ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಯ ಮೇಲೆ ಸುಟ್ಟೆ. ಹೊಗೆಯ ಅಲಾರಂ ಬಡಿದುಕೊಂಡಿತು. ಅಗ್ನಿಶಾಮಕದವರು ಬಂದರು. ಆರಡಿ ಎತ್ತರದ ಆಳುಗಳು ಕೆಮ್ಮುತ್ತ ನಮ್ಮ ಹೊಸ ಹುಲ್ಲಿನ ಮೇಲೆ ಕೂತರು. ಅದಕ್ಕೂ ವಿಜಯಮ್ಮನವರ ದೃಷ್ಟಿಯೇ ಕಾರಣವೆಂದೆ.

ಈ ಕಥೆಯನ್ನು, ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿಕೊಳ್ಳುವ ನಮ್ಮ ಪಾಟ್‌ಲಕ್ಕಿಗೊಮ್ಮೆ ಹೇಳಿದೆ. ನೀವೆಲ್ಲ ನಕ್ಕಿರಿ. ಆಸ್ಟಿನ್ನಿನವರು ಫೋನ್ ಮಾಡಿ, ಹೇಳಿಸಿಕೊಂಡು ನಕ್ಕರು. ನಕ್ಕು ಏನು ಮಾಡಿದಿರಿ? ವಿಜಯಮ್ಮನವರು ಬಂದರೆ ಮಗುವಿಗೆ ಸೆರಗು ಮುಚ್ಚಿದಿರಿ, ಹೊಸ ಕಾರನ್ನು ಪಕ್ಕದ ಬೀದಿಯಲ್ಲಿ ನಿಲ್ಲಿಸಿದಿರಿ. ಅವರು ಬರುವುದನ್ನೇ ಬಿಟ್ಟರು. ಅಂದಿನಿಂದ ಸಂಘದ ಬಿಸಿಬೇಳೆಬಾತಿನ ಗತಿ ಏನಾಗಿದೆ ಎಂಬುದನ್ನು ಇನ್ನರ್ಧ ಗಂಟೆಯಲ್ಲಿ ನೀವೇ ನೋಡುತ್ತೀರಿ.

ಆದರೆ ಯಾರಿಗೂ ಹೇಳದ ಒಂದು ಮಾತಿದೆ. ರಾಜಲಕ್ಷ್ಮಿಗೂ ಹೇಳಿಲ್ಲ, ರಿಪೇರಿಯವನು ಬಂದಾಗ ಅವಳು ಆಫೀಸಿನಲ್ಲಿದ್ದಳು. ಗೃಹಪ್ರವೇಶದ ಸಂಜೆ ಅತಿಥಿಗಳೆಲ್ಲ ಹೋದ ಮೇಲೆ, ಹೊಸ ಏಸಿ ಕೊಳೆಯಾಗದಿರಲಿ ಎಂದು ಹೊರಗಿನ ಯಂತ್ರಕ್ಕೆ ನಾನೇ ಪ್ಲಾಸ್ಟಿಕ್ ಹೊದಿಸಿ ಹಗ್ಗ ಬಿಗಿದಿದ್ದೆ. ನಾವು ಸೋಫಾಕ್ಕೆ ಹೊದಿಸುವುದಿಲ್ಲವೇ, ರಿಮೋಟಿಗೆ ಹೊದಿಸುವುದಿಲ್ಲವೇ, ಹಾಗೆ. ರಿಪೇರಿಯವನು ಹಗ್ಗ ಬಿಚ್ಚಿ, “ಸರ್, ಇದು ಉಸಿರಾಡಬೇಕು” ಎಂದ. ಮೂರನೆಯ ದಿನವೇ ನನಗೆ ನಿಜ ಗೊತ್ತಾಗಿತ್ತು. ಆದರೆ ಕಥೆಗೆ ಜನ ನಗುತ್ತಿದ್ದರಲ್ಲ! ಸುಮ್ಮನಿದ್ದುಬಿಟ್ಟೆ. ನೆನೆದರೆ ನಾಚಿಕೆಯಾಗುತ್ತದೆ.

ಆ ಗೈಡ್ ಅಜ್ಜಿಯನ್ನು ಇನ್ನೊಂದು ಪ್ರಶ್ನೆ ಕೇಳಿದೆ: “ದೂರು ಕೊಟ್ಟವನು ಯಾರು?”

“ಚರ್ಚಿನ ಯಾರೋ ಕಾರ್ಯದರ್ಶಿ. ಅವನ ಬೊಂಬೆ ಯಾರು ಕೊಳ್ತಾರೆ?” ಎಂದರು. ನಾನು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡೆ.

ವಿಜಯಮ್ಮನವರು ಇಂದು ಕೊನೆಯ ಸಾಲಿನಲ್ಲಿದ್ದಾರೆ. “ಮೋಹನರಾಜ ಊರಲ್ಲಿಲ್ಲ, ಬನ್ನಿ” ಎಂದು ಸುಳ್ಳು ಹೇಳಿ ಕರೆಸಿದ್ದೇವೆ. ಅಮ್ಮಾ, ತಪ್ಪಾಯಿತು. ನಾನೂರು ವರ್ಷ ಕಾದು ಬಿಸ್ಕತ್ತಿನ ಡಬ್ಬಿಯ ಮೇಲೆ ನಿಮ್ಮ ಚಿತ್ರ ಹಾಕಿಸುವುದು ನನ್ನಿಂದಾಗದು, ಈಗಲೇ ಕ್ಷಮಿಸಿ. ಇಗೋ, ನಮ್ಮ ಹತ್ತು ತಿಂಗಳ ಮಗು ಸಿಯಾ. ಕೆನ್ನೆಯ ಕಪ್ಪು ಬೊಟ್ಟನ್ನು ನಾನೇ ಒರೆಸುತ್ತಿದ್ದೇನೆ. ಬನ್ನಿ, ಎತ್ತಿಕೊಳ್ಳಿ, ಬಾಯಿ ತುಂಬ ಹೊಗಳಿ.

ದಾರಿ ಬಿಡಿ, ಬರುತ್ತಿದ್ದಾರೆ. ಎತ್ತಿಕೊಂಡರು! ಏನಂದಿರಿ ಅಮ್ಮಾ? ಹಿಂದಿನ ಸಾಲಿನವರಿಗೆ ನಾನೇ ಹೇಳುತ್ತೇನೆ. “ಮಗು ಬಂಗಾರ. ಮೂಗು ಮಾತ್ರ ಅಪ್ಪಂದು, ಪಾಪ” ಅಂದರು. ನಗಿ, ಈಗ ನಗಿ!

ಅಯ್ಯೋ, ಮೈಕು ನಿಂತುಹೋಯಿತು. ಯಾರೂ ಅವರ ಕಡೆ ನೋಡಕೂಡದು! ಹೊಸ ಬ್ಯಾಟರಿ ಹಾಕಲು ಮರೆತವನು ನಾನು. ಕೂಗಿಯೇ ಹೇಳುತ್ತೇನೆ: ನಿಮಗೆಲ್ಲ ವಂದನೆ, ವಿಜಯಮ್ಮನವರಿಗೆ ನಮಸ್ಕಾರ.