ಬೋರ್ಡಿನ ರೇಟು

ಇಲ್ಲ ಕಣೋ, ಬೆಲೆ ಇಷ್ಟು ಏರಿತು ಅಂತ ಪೇಪರ್‌ನೋರು ಸುಮ್ನೆ ಕೂತು ಬರ್ಯಲ್ಲ. ಅದನ್ನ ಯಾರೋ ಒಬ್ರು ಅಂಗಡಿ ಅಂಗಡಿ ಸುತ್ತಿ ಬರ್ಕೊಂಡು ಬಂದಿರ್ತಾರೆ. ಆ ಯಾರೋ ಒಬ್ರು ಅಂದ್ರೆ ಒಂದು ಕಾಲದಲ್ಲಿ ನಿಮ್ಮಜ್ಜಿನೇ. ನಗ್ಬೇಡ ಪುಟ್ಟಿ, ನನ್ನ ಮೊದಲನೇ ಕೆಲಸ ಅದು. ಎಪ್ಪತ್ಮೂರೋ ಎಪ್ಪತ್ನಾಲ್ಕೋ ಇರ್ಬೇಕು, ಸೀಮೆಎಣ್ಣೆ ಕ್ಯೂನಲ್ಲಿ ನಿಂತೂ ನಿಂತೂ ನಮ್ಮಮ್ಮನ ಕಾಲು ಊದ್ಕೊಂಡಿತ್ತಲ್ಲ, ಆ ವರ್ಷ. ನಾವಿದ್ದದ್ದು ಸುದ್ದಗುಂಟೆಪಾಳ್ಯದಲ್ಲಿ, ಮನೆ ಹಿಂದೇನೇ ರಾಗಿ ಹೊಲ. ನಮ್ಮಪ್ಪ ಕಾರ್ಖಾನೇಲಿ ಲೇತ್ ಮಿಶಿನ್ ಮುಂದೆ ನಿಲ್ತಿದ್ರು. ನಂಗೆ ಪಿಯುಸಿ ಮುಗಿದು ಬೆಲೆ ಲೆಕ್ಕ ಇಡೋ ಒಂದು ಸರ್ಕಾರಿ ಆಫೀಸಲ್ಲಿ ಟೆಂಪರರಿ ಕೆಲಸ ಸಿಕ್ತು. ಏನು ಕೆಲಸ ಅಂದ್ರೆ, ಗುರುವಾರ ಗುರುವಾರ, ಅಲ್ಲ, ಶುಕ್ರವಾರ, ತಲೆಗೆ ನೀರು ಹಾಕ್ಕೊಂಡು ಒದ್ದೆ ಜಡೇಲೇ ಹೋಗ್ತಿದ್ದೆ ಅಂದ್ಮೇಲೆ ಶುಕ್ರವಾರಾನೇ, ಜಯನಗರದಲ್ಲಿ ಗೊತ್ತು ಮಾಡಿದ ಅಂಗಡಿಗಳಿಗೆ ಹೋಗೋದು. ಅಕ್ಕಿ, ತೊಗರಿಬೇಳೆ, ಕಡ್ಲೆಕಾಯಿ ಎಣ್ಣೆ, ಸೋಪು, ಕೊನೆಗೆ ಬೀಡಿ ಕೂಡ, ಎಲ್ಲದರ ರೇಟು ಒಂದು ಹಾಳೇಲಿ ತುಂಬಿ ಕೊಡೋದು. ಅಲ್ಲಿ ಅದನ್ನೆಲ್ಲ ಸೇರಿಸಿ ಒಂದು ಅಂಕಿ ತೆಗೀತಾರೆ. ಆ ಅಂಕಿ ಏರಿದ್ರೆ ಕಾರ್ಖಾನೆಯೋರಿಗೆ ತುಟ್ಟಿಭತ್ಯೆ ಏರುತ್ತೆ. ಇದನ್ನ ನಂಗೆ ಮೊದಲನೇ ದಿನಾನೇ ಹೇಳಿದ್ರು. ಕಿವಿಗೆ ಬಿತ್ತು, ತಲೆಗೆ ಹೋಗ್ಲಿಲ್ಲ. ಮನೇಲೂ ಆಫೀಸ್ ಕೆಲಸ ಅಂತಷ್ಟೇ ಹೇಳಿದ್ದೆ.

ದೊಡ್ಡ ಅಂಗಡಿ ಅಂದ್ರೆ ಒಬ್ಬರು ಶೆಟ್ರದ್ದು. ಆಗ ಎಲ್ಲಾ ಅಂಗಡಿ ಮುಂದೇನೂ ರೇಟು ಬರೆದ ಕಪ್ಪು ಬೋರ್ಡು ಇರ್ಬೇಕು ಅಂತ ಕಾನೂನು. ನಾನು ಹೋದ್ರೆ ಸಾಕು, ಶೆಟ್ರು ತಕ್ಕಡಿಯಿಂದ ಕಣ್ಣೆತ್ತದೆ, "ಬಂದ್ಯೇನಮ್ಮ, ಬೋರ್ಡ್ ನೋಡ್ಕೊಂಡು ಬರ್ಕೊ" ಅನ್ನೋರು. ನಾನೂ ಬರ್ಕೊಳ್ತಿದ್ದೆ. ಎಣ್ಣೆ ಆರು ರೂಪಾಯಿ. ಮುಂದಿನ ವಾರ ಎಣ್ಣೆ ಆರು ರೂಪಾಯಿ. ಅದರ ಮುಂದಿನ ವಾರಾನೂ ಆರೇ. ಬೇಗ ಮುಗೀತಿತ್ತು ನೋಡು, ಬಿಸಿಲೇರೋಕ್ಮುಂಚೆ ವಾಪಸ್ಸು. ಮನೇಲಿ ನೋಡಿದ್ರೆ ನಮ್ಮಮ್ಮ ಒಗ್ಗರಣೆಗೆ ಎಣ್ಣೆ ಹಾಕೋದೇ ಬಿಟ್ಟಿದ್ರು. ಬರೀ ಬಾಣಲೇಲಿ ಸಾಸಿವೆ ಸಿಡಿಸಿ ಸಾರಿಗೆ ಸುರೀತಿದ್ರು. "ಯಾಕಮ್ಮ ಸಾರು ಹೀಗಿದೆ" ಅಂತ ನಾನೇ ಮುಖ ಸಿಂಡರಿಸ್ಕೊಂಡಿದ್ದೀನಿ. ಆರು ತಿಂಗಳು ಅದೇ ಸಾರು ಉಂಡ್ಕೊಂಡು, ಎಣ್ಣೆ ಆರು ರೂಪಾಯಿ ಅಂತ ಬರ್ದಿದೀನಿ. ಒಂದಕ್ಕೊಂದು ಸೇರಿಸಿ ನೋಡೋ ಬುದ್ಧಿ ಬರ್ಲಿಲ್ಲ.

ಒಂದಿನ ಸಂಜೆ ಅಪ್ಪ ಬಂದು ಶೂ ಬಿಚ್ಚದೆ ಹಾಗೇ ಜಗಲಿ ಮೇಲೆ ಕೂತ್ರು. ಅಮ್ಮ ಕಾಫಿ ತಂದ್ರೆ ಮುಟ್ಲಿಲ್ಲ. "ಭತ್ಯೆ ಬಂತು ಕಣೆ" ಅಂದ್ರು, "ಎರಡು ರೂಪಾಯಿ." ಅಮ್ಮ, "ಎರಡು ರೂಪಾಯಾ? ಈ ಸಲ ಚೆನ್ನಾಗಿ ಬತ್ತದೆ ಅಂದಿದ್ರಿ." ಅಪ್ಪ ಅಂದ್ರು, "ಬೆಲೇನೇ ಏರಿಲ್ವಂತೆ. ನಮ್ಮ ಯೂನಿಯನ್ ಲೀಡರು ಗೇಟ್ ಹತ್ರ ಲಿಸ್ಟ್ ಓದಿದ. ಜಯನಗರದಾಗೆ ಕಡ್ಲೆಕಾಯಿ ಎಣ್ಣೆ ಆರು ರೂಪಾಯಂತೆ. ಯಾವ ಪುಣ್ಯಾತ್ಮ ಬರ್ದವ್ನೋ, ಅವನ ಮನೇಲಿ ಒಲೆ ಹಚ್ಚಲ್ವೇನೋ." ನಾನು ತಟ್ಟೆ ಮುಂದೆ ಕೂತಿದ್ದೆ. ಕೈಲಿದ್ದ ಮುದ್ದೆ ಕೈಲೇ ಉಳೀತು. ಆ ಆರು ನನ್ನ ಆರು. ನನ್ನ ಕೈಬರಹ.

ಮಾರನೇ ದಿನ ಅಮ್ಮನ ಹಳೇ ಸೀರೆ ಉಟ್ಕೊಂಡು, ಫೈಲ್ ಮನೇಲಿಟ್ಟು, ಎಣ್ಣೆ ಬಾಟ್ಲಿ ಹಿಡ್ಕೊಂಡು ಶೆಟ್ರಂಗಡಿ ಸಾಲಲ್ಲಿ ನಿಂತೆ. ನನ್ನ ಸರದಿ ಬಂತು. ತಲೆ ಬಗ್ಗಿಸಿ ಬಾಟ್ಲಿ ಮುಂದಿಟ್ಟೆ, ಆರು ರೂಪಾಯಿ ಇಟ್ಟೆ. ಶೆಟ್ರು ದುಡ್ಡನ್ನ ಹಾಗೇ ಹಿಂದಕ್ಕೆ ತಳ್ಳಿದ್ರು. "ಸ್ಟಾಕ್ ಇಲ್ಲ." ನನ್ನ ಹಿಂದಿದ್ದ ಹೆಂಗಸು ನನ್ನ ಭುಜ ತಟ್ಟಿ, "ಹೊಸಬ್ಳೇನಮ್ಮ ನೀನು? ಹತ್ತು ಕೊಡು, ಒಳಗಿಂದ ಬತ್ತದೆ" ಅಂದ್ಳು. ಹತ್ತು. ನಾನು ತಲೆ ಎತ್ತಿದೆ. ಶೆಟ್ರು ನನ್ನ ಗುರುತು ಹಿಡಿದ್ರು. ಆಮೇಲೆ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ್ರು, "ನೋಡಮ್ಮ, ನಂಗೇ ಮಂಡೀಲಿ ಒಂಬತ್ತಕ್ಕೆ ಬೀಳುತ್ತೆ. ಸರ್ಕಾರ ಕಟ್ಟಿದ ರೇಟು ಆರು, ಬೋರ್ಡಲ್ಲಿ ಹತ್ತು ಅಂತ ಬರೆದ್ರೆ ಒಳಗೆ ಹಾಕ್ತಾರೆ. ಬೋರ್ಡು ಇನ್ಸ್‌ಪೆಕ್ಟರಿಗೆ, ಎಣ್ಣೆ ಜನಕ್ಕೆ. ನೀನು ಒಂದಿನಾನೂ ಎಷ್ಟಕ್ಕೆ ಮಾರ್ತೀರಿ ಅಂತ ನನ್ನ ಕೇಳ್ಲೇ ಇಲ್ವಲ್ಲ." ಬೈದಿದ್ರೂ ತಡ್ಕೋತಿದ್ದೆ. ಆ ಮಾತು ತಡ್ಯೋಕಾಗ್ಲಿಲ್ಲ. ನಿಜ, ಕೇಳಿರ್ಲಿಲ್ಲ.

ಸೀದಾ ಆಫೀಸಿಗೆ ಹೋಗಿ ಸೂಪರಿಂಟೆಂಡೆಂಟ್ ಮುಂದೆ ನಿಂತ್ಕೊಂಡೆ. "ಸಾರ್, ಆರು ತಿಂಗಳಿಂದ ನಾನು ಕೊಟ್ಟ ಎಣ್ಣೆ ರೇಟು ಸುಳ್ಳು. ಬೋರ್ಡ್ ನೋಡಿ ಬರ್ದಿದೀನಿ." ಅವರು ಕನ್ನಡಕ ತೆಗೆದು, "ಕೂತ್ಕೊಳಮ್ಮ. ಮುಂದಿನ ವಾರದಿಂದ ಸರಿಯಾಗಿ ಬರಿ, ಇದನ್ನ ಇಲ್ಲಿಗೇ ಬಿಡು. ನಿಂದು ಟೆಂಪರರಿ ಕೆಲಸ" ಅಂದ್ರು. ಕೆಟ್ಟವರಲ್ಲ, ನನ್ನ ಒಳ್ಳೇದಕ್ಕೇ ಹೇಳಿದ್ದು. ನಾನು ಅಲ್ಲೇ ಒಂದು ಹಾಳೆ ಇಸ್ಕೊಂಡು, ನಡೆದದ್ದೆಲ್ಲ ಬರೆದು ಸೈನ್ ಹಾಕಿ ಕೊಟ್ಟೆ. ಮೂರನೇ ದಿನಕ್ಕೆ ಕೆಲಸಕ್ಕೆ ಬರ್ಬೇಡ ಅಂತ ಆರ್ಡರ್ ಬಂತು.

ಅಪ್ಪನಿಗೆ ಹೇಳ್ಬೇಕಲ್ಲ. ಹೇಳ್ದೆ. ಎರಡು ದಿನ ನನ್ನ ಜೊತೆ ಮಾತಾಡ್ಲಿಲ್ಲ. ಮೂರನೇ ದಿನ ಬೆಳಿಗ್ಗೆ, "ಸೀರೆ ಉಟ್ಕೊ, ನಡಿ" ಅಂತ ಕಾರ್ಖಾನೆ ಗೇಟಿಗೆ ಕರ್ಕೊಂಡು ಹೋದ್ರು. ಶಿಫ್ಟಿಗೆ ಬಂದವರ ಮುಂದೆ ನಿಲ್ಲಿಸಿ, "ಆ ಆರು ರೂಪಾಯಿ ಬರೆದೋಳು ನನ್ನ ಮಗಳೇ. ತಪ್ಪು ಅಂತ ಬರೆದುಕೊಟ್ಟು ಕೆಲಸ ಕಳ್ಕೊಂಡೋಳೂ ಇವಳೇ" ಅಂದ್ರು. ನೆಲ ಬಾಯಿ ಬಿಟ್ರೆ ಸಾಕು ಅನ್ನಿಸ್ತು. ಒಬ್ಬ ವಯಸ್ಸಾದೋರು ಮುಂದೆ ಬಂದು, "ಹಳೇದು ಬರಲ್ಲ ಬಿಡು ತಾಯಿ, ಮುಂದಿಂದಾದ್ರೂ ನೆಟ್ಟಗೆ ಬರ್ಲಿ" ಅಂದ್ರು. ಆಫೀಸಿಗೆ ಕೊಟ್ಟಿದ್ದನ್ನೇ ಅವರಿಗೂ ಬರೆದುಕೊಟ್ಟೆ, ಆ ಕಾಗದ ಇಟ್ಕೊಂಡೇ ಯೂನಿಯನ್ನವರು ಓಡಾಡಿದ್ರು. ಮಳೆಗಾಲ ಕಳೆಯೋ ಹೊತ್ತಿಗೆ ಲಿಸ್ಟಲ್ಲಿ ಜಯನಗರದ ಎಣ್ಣೆ ರೇಟು ಸರಿಹೋಯ್ತು. ಕಳೆದ ಆರು ತಿಂಗಳ ಭತ್ಯೆ ಮಾತ್ರ ಯಾರಿಗೂ ಬರ್ಲಿಲ್ಲ. ನಂಗೆ ಬೇರೆ ಕೆಲಸ ಸಿಗೋಕೆ ಎರಡು ವರ್ಷ ಹಿಡೀತು. ಅದೇನು ದೊಡ್ಡದಲ್ಲ ಬಿಡು. ಅದಕ್ಕೇ ಹೇಳೋದು, ಬೆಲೆ ತಿಳ್ಕೋಬೇಕಾದ್ರೆ ಗೋಡೆ ಮೇಲೆ ನೋಡ್ಬೇಡಿ, ಕೊಂಡ್ಕೊಂಡು ಆಚೆ ಬಂದೋಳ್ನ ನಿಲ್ಲಿಸಿ ಕೇಳಿ.