ಫ್ರಿಜ್ಜಿನಲ್ಲಿಟ್ಟ ಲಸಿಕೆ

ಪಶು ಆಸ್ಪತ್ರೆಯ ಬೆಂಚಿನಲ್ಲಿ ಬೆಕ್ಕಿನ ಬುಟ್ಟಿ ಹಿಡಿದು ಕೂತಿದ್ದ ದರ್ಜಿಗೆ, ಪಕ್ಕದ ಅತ್ತೆ-ಸೊಸೆಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಸೊಸೆಯ ತೊಡೆಯ ಮೇಲಿದ್ದ ಚೀಲದಿಂದ ಸತ್ತ ಕೋಳಿಯ ಕಾಲು ಇಣುಕುತ್ತಿತ್ತು.

"ಎರಡೇ ದಿನಕ್ಕೆ ಹನ್ನೊಂದು ಕೋಳಿ! ಎಲ್ಲ ನಿನ್ನ ಕೈಗುಣ."

"ಹಾವು ಕಚ್ಚಿರಬೇಕು ಅಂತ ನಿನ್ನೆ ನೀವೇ ಅಂದ್ರಲ್ಲ ಅತ್ತೆ."

"ಹನ್ನೊಂದನ್ನೂ ಕಚ್ಚುತ್ತಾ? ಬೂಷ್ಟು ಹಿಡಿದ ಕಾಳು ಹಾಕಿರ್ತೀಯ."

"ಅದೇ ಕಾಳಲ್ಲಿ ನಾವೂ ಹಿಟ್ಟು ಮಾಡಿಸಿದ್ವಿ. ನಾವೇನೂ ಸತ್ತಿಲ್ಲ."

"ಹಾಗಾದ್ರೆ ರೋಗ. ಲಸಿಕೆ ನೆಟ್ಟಗೆ ಹಾಕಿಲ್ಲ ನೀನು."

"ಒಂದೊಂದನ್ನೂ ಹಿಡಿದು ಹಾಕಿದೀನಿ. ತಣ್ಣಗಿರದಿದ್ರೆ ಅದು ಬರೀ ನೀರು ಅಂತ ಡಾಕ್ಟ್ರು ಸಾರಿಸಾರಿ ಹೇಳಿದ್ರು. ತಂದ ತಕ್ಷಣ ಫ್ರಿಜ್ಜಲ್ಲಿಟ್ಟಿದ್ದೆ."

"ಫ್ರಿಜ್ಜಲ್ಲಾ? ಯಾವಾಗ?"

"ಅಮ್ಮಂಗೆ ಹುಷಾರಿಲ್ಲ ಅಂತ ತವರಿಗೆ ಹೋದೆನಲ್ಲ, ಅದರ ಹಿಂದಿನ ದಿನ. ವಾಪಸ್ ಬಂದು ಹಾಕಿದೆ."

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದಳು.

"ನೀನಿಲ್ಲದಾಗ ಅದರಲ್ಲಿ ಏನಿರುತ್ತೆ ಅಂತ ನಾಲ್ಕು ದಿನ ಫ್ರಿಜ್ಜು ಆಫ್ ಮಾಡಿಟ್ಟಿದ್ದೆ. ಕರೆಂಟು ಸುಮ್ನೆ ದಂಡ."

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

"ಡಾಕ್ಟ್ರ ಹತ್ರ ಫ್ರಿಜ್ಜಿನ ಸುದ್ದಿ ಎತ್ತಬೇಡ."

"ಬೀದಿಗೆಲ್ಲ ನನ್ನ ಕೈಗುಣ ಅಂತ ಸಾರಿಕೊಂಡು ಬಂದ್ರಲ್ಲ, ಅದಕ್ಕೇನು ಮಾಡ್ತೀರಿ?"

"ಹೇಳಿದ್ದು ಹೇಳಿಯಾಯ್ತು. ಈಗ ಮನೆಮನೆಗೆ ಹೋಗಿ ಅಲ್ಲ ಅನ್ನಕ್ಕಾಗುತ್ತಾ?"

ಸೊಸೆ ಎದ್ದು, ಚೀಲವನ್ನು ಅತ್ತೆಯ ತೊಡೆಯ ಮೇಲಿಟ್ಟಳು.

"ಹಾಗಾದ್ರೆ ಇದನ್ನಾದ್ರೂ ನಿಮ್ಮ ಕೈಯಲ್ಲಿ ಹಿಡ್ಕೊಳ್ಳಿ" ಎಂದು, ಹಿಂತಿರುಗಿ ನೋಡದೆ ಒಳಗೆ ನಡೆದಳು. ಅತ್ತೆ ಚೀಲವನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡು ಹಿಂದೆಯೇ ಹೋದಳು.