ಗಡಿಯಾರದಣ್ಣನನ್ನು ಕರೆದುಕೊಂಡು ಹೋದ ಬಗ್ಗೆ ಗುಂಡಿಯಕ್ಕನ ಹೇಳಿಕೆ

ಹೇಳಿಕೆ ಕೊಡುವವರು: ಗುಂಡಿಯಕ್ಕ ಎಂದು ಕರೆಯಲ್ಪಡುವ ಮಹಿಳೆ, ವಯಸ್ಸು 46 ವರ್ಷ, ಕಸುಬು ಬಟ್ಟೆ ಹೊಲಿಯುವುದು, ವಾಸ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಲಾಂಡ್ರಿಯ ಮೇಲಿನ ಮಹಡಿ.

ಠಾಣೆಗೆ ಕರೆಸಿ ವಿಚಾರಿಸಿದ್ದಕ್ಕೆ ನಾನು ಹೇಳಿ ಬರೆಸುವುದು ಹೀಗಿದೆ:

ಹತ್ತು ವಾರಗಳ ಹಿಂದೆ ದೊಡ್ಡಾಸ್ಪತ್ರೆಯಲ್ಲಿ ನನಗೆ ಬೇರೆಯವರ ಕಿಡ್ನಿ ಹಾಕಿದರು. ಅದೇ ದಿನ ಗಡಿಯಾರ ರಿಪೇರಿ ಮಾಡುವ ಒಬ್ಬರಿಗೂ ಹಾಕಿದರು. ತೀರಿಕೊಂಡ ಒಬ್ಬರದೇ ಎರಡೂ ಕಿಡ್ನಿ ಎಂದು ನರ್ಸಮ್ಮ ಬಾಯಿತಪ್ಪಿ ಹೇಳಿದರು. ಅಂದಿನಿಂದ ಅವರು ನನ್ನನ್ನು ತಂಗಿ ಎನ್ನುತ್ತಿದ್ದರು, ನಾನು ಅವರನ್ನು ಗಡಿಯಾರದಣ್ಣ ಎನ್ನುತ್ತಿದ್ದೆ. ಒಂದೇ ಜೋಡಿಯ ಎರಡು ಚಪ್ಪಲಿ ನಾವು, ಒಂದು ಕಳೆದರೆ ಇನ್ನೊಂದನ್ನು ಯಾರೂ ಕೇಳುವುದಿಲ್ಲ ಎಂದು ತಮಾಷೆ ಮಾಡಿದ್ದರು.

ಹೋದ ತಿಂಗಳ ಕೊನೆಗೆ ನನಗೆ ಕೆಮ್ಮು, ಉಬ್ಬಸ ಶುರುವಾಯಿತು. ಮೊದಲು ಆಸ್ತಮಾ ಎಂದು ಸ್ಟೀರಾಯ್ಡ್ ಮಾತ್ರೆ ಹೆಚ್ಚಿಸಿದರು. ಹೆಚ್ಚಿಸಿದಷ್ಟೂ ಕೆಮ್ಮು ಹೆಚ್ಚಾಯಿತು. ಆಮೇಲೆ ಕಫದಲ್ಲಿ ಹುಳ ಸಿಕ್ಕಿತು. ಅದು ಕಿಡ್ನಿಯ ಜೊತೆಗೇ ಬಂದಿರಬಹುದು, ಮಾತ್ರೆಗಳಿಂದ ಮೈಯ ಕಾವಲು ಸಡಿಲವಾದಾಗ ಶ್ವಾಸಕೋಶಕ್ಕೆ ನುಗ್ಗುತ್ತದೆ ಎಂದು ಡಾಕ್ಟರು ತಿಳಿಸಿದರು. ಬೇರೆ ಮಾತ್ರೆ ಕೊಟ್ಟರು, ವಾಸಿಯಾಯಿತು. 9ನೇ ತಾರೀಕು ಮನೆಗೆ ಕಳಿಸಿದರು. ಇನ್ನೊಬ್ಬರ ಗತಿ ಏನು ಎಂದು ಕೇಳಿದೆ. ಫೋನು ಎತ್ತುತ್ತಿಲ್ಲ, ಪತ್ರ ಹಾಕಿದ್ದೇವೆ ಎಂದರು. ಆಸ್ಪತ್ರೆಯವರ ಬಳಿಯಿದ್ದದ್ದು ಅಣ್ಣನ ಗಡಿಯಾರದಂಗಡಿಯ ನಂಬರು. ನನ್ನ ಬಳಿಯೂ ಅದೇ ಇತ್ತು.

11ನೇ ತಾರೀಕು ಬೆಳಿಗ್ಗೆ 10.15ಕ್ಕೆ ಅಂಗಡಿಗೆ ಹೋದೆ. ಬೀಗ ಹಾಕಿತ್ತು. ಪಕ್ಕದ ಚಪ್ಪಲಿ ಹೊಲಿಯುವವರು, ಅವರಿಗೆ ಕೆಮ್ಮು, ಎಂಟು ದಿನದಿಂದ ಮನೆಯಲ್ಲೇ ಇದ್ದಾರೆ ಎಂದು ಹೇಳಿ ದಾರಿ ತೋರಿಸಿದರು. ಮನೆ ಅಲ್ಲಿಂದ 600 ಮೀಟರ್, ಎರಡನೇ ಮಹಡಿ, 31 ಮೆಟ್ಟಿಲು. ಎರಡು ಕಡೆ ಕೂತು ಹತ್ತಿದೆ.

10.50ಕ್ಕೆ ಅವರ ಹೆಂಡತಿ ಬಾಗಿಲು ತೆರೆದರು. ನಾನು ಅವರನ್ನು ಅತ್ತಿಗೆ ಎಂದೆ. ಅವರಿಗೆ ನನ್ನ ಗುರುತಿರಲಿಲ್ಲ. ಬೀದಿಯ ಡಾಕ್ಟರು ಆಸ್ತಮಾ ಎಂದು ಸ್ಟೀರಾಯ್ಡ್ ಹೆಚ್ಚಿಸಿದ್ದಾರೆ ಎಂದರು. ಕೊಡಬೇಡಿ, ಹುಳ ಇದೆ ಎಂದೆ. ನಾನು ಹೇಳಿದ್ದಕ್ಕೆ ತಲೆಬುಡ ಇರಲಿಲ್ಲ ಎಂದು ಈಗ ಅನಿಸುತ್ತದೆ. ಅವರು, "ನಿಮ್ಮ ಹುಳ ನಿಮ್ಮಲ್ಲೇ ಇರ್ಲಿ. ನಾನು ಮಾತ್ರೆ ತಗೊಂಡು ಬರೋದ್ರೊಳಗೆ ನೀವು ಹೊರಟಿರ್ಬೇಕು" ಎಂದು 11.10ಕ್ಕೆ ಕೆಳಗಿಳಿದರು.

ಒಳಗಿನ ಕೋಣೆಯಲ್ಲಿ ಅಣ್ಣ ಮೂರು ದಿಂಬಿಗೆ ಒರಗಿ ಕೂತಿದ್ದರು. ತುಟಿ ನೀಲಿ. ಅಂಗಿ ಎತ್ತಿ ನೋಡಿದೆ. ಹೊಕ್ಕಳ ಸುತ್ತ ಬೆರಳು ಒತ್ತಿದಂಥ ನೇರಳೆ ಕಲೆ. ನನಗೂ ಹಾಗೇ ಬಂದಿತ್ತು. ಅತ್ತಿಗೆ ಬಂದರೆ ಮತ್ತೆ ಜಗಳ, ಹೊತ್ತು ಹೋಗುತ್ತದೆ ಎನಿಸಿತು. ಅವರ ಹೆಗಲಿಗೆ ನನ್ನ ಹೆಗಲು ಕೊಟ್ಟು 31 ಮೆಟ್ಟಿಲು ಇಳಿಸಲು ಹನ್ನೆರಡು ನಿಮಿಷ ಹಿಡಿಯಿತು. ಚೀಟಿ ಬರೆದಿಡಬೇಕಿತ್ತು. ತೋಚಲಿಲ್ಲ. ಬಾಡಿಗೆ ಕಾರಿನಲ್ಲಿ ಏಳು ಕಿಲೋಮೀಟರ್ ಹೋಗಿ 12.05ಕ್ಕೆ ದೊಡ್ಡಾಸ್ಪತ್ರೆ ತಲುಪಿದೆವು.

1.30ಕ್ಕೆ ಕಫದಲ್ಲಿ ಹುಳ ಆಡುವುದನ್ನು ಲ್ಯಾಬಿನವರು ಕಂಡರು. 1.50ಕ್ಕೆ ಅಣ್ಣನ ಗಂಟಲಿಗೆ ಉಸಿರಾಟದ ಕೊಳವೆ ಹಾಕಿದರು. ಅಷ್ಟರಲ್ಲಿ ಅತ್ತಿಗೆ ಈ ಠಾಣೆಗೆ ಬಂದು, ಗೊತ್ತಿಲ್ಲದ ಹೆಂಗಸು ಗಂಡನನ್ನು ಎಳೆದುಕೊಂಡು ಹೋದಳು ಎಂದು ದೂರು ಬರೆಸಿದ್ದರು. ಅವರು ಹೇಳಿದ್ದು ಸುಳ್ಳಲ್ಲ. ಖಾಲಿ ಹಾಸಿಗೆ ಕಂಡರೆ ಯಾರಾದರೂ ಹಾಗೇ ಹೇಳುತ್ತಾರೆ.

ಸಂಜೆ 4.40ಕ್ಕೆ, ಠಾಣೆಯವರಿಂದ ವಿಷಯ ತಿಳಿದು, ಅತ್ತಿಗೆ ಆಸ್ಪತ್ರೆಗೆ ಬಂದು ನಾನಿದ್ದ ಬೆಂಚಿನ ಇನ್ನೊಂದು ತುದಿಗೆ ಕೂತರು. ಮೂರು ದಿನ ಹಾಗೇ ಕೂತಿದ್ದೆವು. ಎರಡನೇ ದಿನ ಅವರು, ಅದೇ ಕಿಡ್ನಿ, ಅದೇ ಹುಳ, ನಿಮಗೆ ಮಾತ್ರ ಹೇಗೆ ವಾಸಿಯಾಯಿತು ಎಂದು ಕೇಳಿದರು.

14ನೇ ತಾರೀಕು ಬೆಳಿಗ್ಗೆ ಕೊಳವೆ ತೆಗೆದರು. ಗಂಡಾಂತರ ಕಳೆದಿದೆ, ಕಿಡ್ನಿ ಚೆನ್ನಾಗಿದೆ ಎಂದರು. ಅತ್ತಿಗೆ ಒಳಗೆ ಹೋಗಿ ಬಂದು, "ಅವರಿಗೆ ಆ ದಿನವೇ ನೆನಪಿಲ್ಲವಂತೆ. ಈಗ ನಾನು ದೂರು ಇಟ್ಕೊಳ್ಲಾ, ವಾಪಸ್ ತಗೊಳ್ಲಾ? ನೀವೇ ಹೇಳಿ" ಎಂದರು. ನನ್ನನ್ನೇ ಕೇಳಿದರೆ ಹೇಗೆ ಎಂದೆ. ಇಬ್ಬರೂ ನಕ್ಕೆವು. ಆಮೇಲೆ ಅವರು ಅತ್ತರು.

ಅಣ್ಣ ಆ ದಿನ ಬಾಯಿಬಿಟ್ಟು ಒಪ್ಪಿ ಬಂದರೇ ಎಂದು ತಾವು ಈಗ ಕೇಳಿದ್ದೀರಿ. ಅಣ್ಣಾ ಹೋಗೋಣ್ವಾ ಎಂದು ನಾನು ಕೇಳಿದಾಗ ಉಬ್ಬಸದ ನಡುವೆ ಅವರು ಒಂದೇ ಮಾತು ಆಡಿದರು. ಆಗ ಅದು "ನಡಿ" ಎಂದು ಕೇಳಿಸಿತು. ಬೆಂಚಿನ ಮೇಲೆ ಕೂತು ಮತ್ತೆ ಮತ್ತೆ ನೆನೆಸಿಕೊಂಡ ಮೇಲೆ "ಬಿಡು" ಎಂದಿರಲೂಬಹುದು ಎನಿಸುತ್ತಿದೆ. ಯಾವುದೆಂದು ಆಣೆ ಮಾಡಿ ಹೇಳಲಾರೆ. ಬಿಡು ಎಂದೇ ಕೇಳಿಸಿದ್ದರೂ ನಾನು ಬಿಡುತ್ತಿರಲಿಲ್ಲ. ಇದನ್ನೂ ಬರೆದುಕೊಳ್ಳಿ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಿಜವಿದೆ, ಯಾರ ಒತ್ತಾಯವೂ ಇಲ್ಲವೆಂದು ಸಹಿ ಹಾಕಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಇದೇ ತಿಂಗಳ 16, ಬೆಳಿಗ್ಗೆ 11.25
ಸಹಿ: (ಗುಂಡಿಯಕ್ಕ)